ಹಳೇ ಸಿಟಿ ವಿಟೆಕ್‌ಗೆ ಆಯಿಲ್ ಕೂಲರ್: 138 ಡಿಗ್ರಿ ನೋಡಿ ನನ್ನ ತಲೆಯೂ ಬಿಸಿ

ವಿಟೆಕ್_ಮೈಸೂರು

ಎಲ್ಲರಿಗೂ ನಮಸ್ಕಾರ. ನನ್ನದು 2002ರ ಹೋಂಡಾ ಸಿಟಿ 1.5 ವಿಟೆಕ್. 106 ಬಿಎಚ್‌ಪಿಯ ಹಳೇ ಗಾಡಿ. ಎಂಜಿನ್ ಒಳಗೆ ಏನೂ ಬದಲಾಯಿಸಿಲ್ಲ. ವರ್ಷಕ್ಕೆ ಮೂರ್ನಾಲ್ಕು ಸಲ ಚೆನ್ನೈ ಹತ್ತಿರದ ಇರುಂಗಾಟುಕೋಟೈ ಟ್ರ್ಯಾಕ್‌ಗೆ ಒಯ್ಯುತ್ತೇನೆ. ಉಳಿದ ದಿನ ಮೈಸೂರಿನಲ್ಲಿ ಕವರ್ ಹೊದ್ದು ಮಲಗಿರುತ್ತದೆ.

ಈ ಸಲ ಹೋಗುವ ಮೊದಲು ಆಯಿಲ್ ಟೆಂಪರೇಚರ್ ಮೀಟರ್ ಹಾಕಿಸಿದೆ. ಸೆನ್ಸರ್ ಡ್ರೈನ್ ಬೋಲ್ಟ್ ಜಾಗದಲ್ಲಿದೆ. ಯಾಕಾದರೂ ಹಾಕಿಸಿದೆನೋ ಅನ್ನಿಸಿತು. ಹೊರಗೆ 34 ಡಿಗ್ರಿ. ಮೂರನೇ ಸುತ್ತಿಗೆ ಆಯಿಲ್ 118. ಆರನೇ ಸುತ್ತಿಗೆ 131. 20 ನಿಮಿಷದ ಸೆಷನ್ ಮುಗಿಯುವಾಗ 138. ನೀರಿನ ಮುಳ್ಳು ಮಾತ್ರ ತನಗೇನೂ ಗೊತ್ತೇ ಇಲ್ಲ ಅನ್ನುವ ಹಾಗೆ ಮಧ್ಯದಲ್ಲೇ ಕೂತಿತ್ತು. 4000 ಆರ್‌ಪಿಎಂನಲ್ಲಿ 58 ಪಿಎಸ್‌ಐ ಇದ್ದ ಆಯಿಲ್ ಪ್ರೆಶರ್ 38ಕ್ಕೆ ಇಳಿಯಿತು. ಒಂದು ಉದ್ದದ ತಿರುವಿನಲ್ಲಿ ಎರಡು ಸಲ ಆಯಿಲ್ ಪ್ರೆಶರ್‌ನ ಕೆಂಪು ದೀಪವೂ ಮಿಣುಕಿತು.

ಬೆಂಗಳೂರು ಹೈವೇಯಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ಓಡಿಸಿದರೆ 98 ಡಿಗ್ರಿ ದಾಟುವುದಿಲ್ಲ. ಈಗ ಇರುವ ಆಯಿಲ್ 10ಡಬ್ಲ್ಯೂ-30. ಕೂಲರ್ ಹಾಕಿಸಲಾ? ಗೆಳೆಯನೊಬ್ಬ "ಪಲ್ಸರ್ 220ರ ಕೂಲರ್ ತಂದು ಜೋಡಿಸು, ಕಮ್ಮಿ ದುಡ್ಡಲ್ಲಿ ಮುಗಿಯುತ್ತೆ" ಅಂತಾನೆ. ನಂಬಬಹುದಾ?

ಸ್ಪ್ಯಾನರ್_12

ಮೊದಲನೇದಾಗಿ, ಅಳತೆ ಮಾಡಿಕೊಂಡು ಬಂದು ಕೇಳಿದಿರಲ್ಲ, ಅದಕ್ಕೆ ಒಂದು ದೊಡ್ಡ ನಮಸ್ಕಾರ. ನನ್ನ ಗ್ಯಾರೇಜಿಗೆ ಕೂಲರ್ ಬೇಕು ಅಂತ ಬರುವ ಹತ್ತು ಜನರಲ್ಲಿ ಎಂಟು ಜನರ ಗಾಡಿಯಲ್ಲಿ ಆಯಿಲ್ ಮೀಟರೇ ಇರಲ್ಲ. ಬಂಪರ್ ಒಳಗೆ ಜಾಲರಿ ಕಾಣಬೇಕು, ಅಷ್ಟೇ.

ನಿಮ್ಮ ಅಂಕಿ ನೋಡಿದರೆ ಕೂಲರ್ ಬೇಕು. ಸಂಪ್‌ನಲ್ಲಿ, ಅಂದರೆ ಎಂಜಿನ್ ಕೆಳಗಿನ ಆಯಿಲ್ ತೊಟ್ಟಿಯಲ್ಲಿ, 100ರಿಂದ 115 ಇದ್ದರೆ ಆಯಿಲ್ ಆರಾಮವಾಗಿದೆ ಅಂತ ಅರ್ಥ. 120 ದಾಟಿದರೆ ಗಮನ ಇಡಬೇಕು. 130 ಮೇಲೆ ಸುತ್ತು ಹೊಡೆಯುತ್ತಾ ಇದ್ದರೆ ಆಯಿಲ್ ಬೇಗ ಹಾಳಾಗುತ್ತೆ, ಬೇರಿಂಗ್ ಮೇಲಿನ ಪದರ ತೆಳುವಾಗುತ್ತೆ. ಸಂಪ್‌ನಲ್ಲಿ 138 ಇದ್ದರೆ ಬೇರಿಂಗ್ ಒಳಗೆ ಅದಕ್ಕಿಂತ ಜಾಸ್ತಿ ಇರುತ್ತೆ, ನೆನಪಿರಲಿ. ಆ ಗಾಡಿಯ ಸಂಪ್ ಹಿಡಿಯುವುದೇ ಮೂರು ಚಿಲ್ಲರೆ ಲೀಟರ್. ಅಷ್ಟು ಆಯಿಲ್ ಅಷ್ಟೊಂದು ಬಿಸಿ ಹೊತ್ತುಕೊಂಡು ಎಲ್ಲಿಗೆ ಹೋಗಬೇಕು?

ಆದರೆ ಉದ್ದದ ತಿರುವಿನಲ್ಲಿ ದೀಪ ಮಿಣುಕಿದ್ದು ಬಿಸಿಯಿಂದಲೇ ಅಂತ ಅಂದುಕೊಳ್ಳಬೇಡಿ. ಅಲ್ಲಿ ಆಯಿಲ್ ಸಂಪ್‌ನ ಒಂದು ಪಕ್ಕಕ್ಕೆ ಹೋಗಿ ಪಂಪ್‌ಗೆ ಆಯಿಲ್ ಎಳೆಯುವ ಪಿಕಪ್ ಪೈಪ್ ಗಾಳಿ ಎಳೆದಿರಬಹುದು. ಕೂಲರ್ ಹಾಕಿದರೂ ಅದು ಹೋಗಲ್ಲ. ಅದಕ್ಕೆ ಸಂಪ್ ಬಿಚ್ಚಿ ಒಳಗೆ ತಡೆ ತಗಡು ಬೆಸೆಯಬೇಕು. ಸದ್ಯಕ್ಕೆ ಟ್ರ್ಯಾಕ್‌ಗೆ ಹೋಗುವಾಗ ಡಿಪ್‌ಸ್ಟಿಕ್ ಮೇಲಿನ ಗುರುತಿನ ತನಕ ತುಂಬಿ. ಅದಕ್ಕಿಂತ ಮೇಲೆ ಬೇಡ. ಕ್ರ್ಯಾಂಕ್ ಕಡೆದು ನೊರೆ ಮಾಡಿಬಿಡುತ್ತೆ.

ಬೆಳಗಾವಿ_ಫೌಂಡ್ರಿ

ಇನ್ನೊಂದು ಮಾತು ರೀ. ಕೂಲರ್‌ಗಿಂತ ಮುಂಚೆ ಆಯಿಲ್ ಬದಲಾಯಿಸಿ ನೋಡ್ರಿ. ಡಬ್ಬಿ ಮೇಲಿರುವ 30, 40 ಅನ್ನೋ ಅಂಕಿ 100 ಡಿಗ್ರಿಯಲ್ಲಿ ಆಯಿಲ್ ಎಷ್ಟು ಮಂದ ಇರುತ್ತೆ ಅಂತ ಹೇಳುತ್ತದೆ. 30ರದ್ದು 9.3ರಿಂದ 12.5 ಸೆಂಟಿಸ್ಟೋಕ್ (ಮಂದತನದ ಅಳತೆ) ಒಳಗೆ. 40ರದ್ದು 12.5ರಿಂದ 16.3 ಒಳಗೆ. ನಿಮ್ಮ 138 ಡಿಗ್ರಿಯಲ್ಲಿ ಆ 30ರ ಆಯಿಲ್ ಸುಮಾರು ಅರ್ಧಕ್ಕೆ ಇಳಿದು 5ರ ಆಸುಪಾಸಿಗೆ ಬಂದಿರುತ್ತದೆ. ನಿಮ್ಮ ಪ್ರೆಶರ್ ಬಿದ್ದಿದ್ದೂ ಅದಕ್ಕೇ. ಒಳ್ಳೆಯ ಸಿಂಥೆಟಿಕ್ 40 ಹಾಕಿದರೆ ಅದೇ ಬಿಸಿಯಲ್ಲಿ ಒಂದೂವರೆ ಸೆಂಟಿಸ್ಟೋಕ್‌ನಷ್ಟು ಮಂದತನ ಜಾಸ್ತಿ ಉಳಿಯುತ್ತೆ. ಬಿಸಿ ಕಮ್ಮಿ ಆಗಲ್ಲ, ಆದರೆ ಎಂಜಿನ್‌ಗೆ ಉಸಿರು ಸಿಗುತ್ತೆ.

ಕರಾವಳಿ_ಡೀಸೆಲ್

ನಂದು ಡೀಸೆಲ್ ಸ್ವಿಫ್ಟ್ ಮಾರಾಯ್ರೆ, ಅದೇ 1.3 ಮಲ್ಟಿಜೆಟ್ ಎಂಜಿನ್. ಮಂಗಳೂರಿಂದ ಚಾರ್ಮಾಡಿ ಹತ್ತಿ ವಾರಕ್ಕೊಮ್ಮೆ ಕೊಟ್ಟಿಗೆಹಾರಕ್ಕೆ ಹೋಗುತ್ತೇನೆ. ನಾನೂ ಒಂದು ಹಾಕಿಸಲಾ?

ಸ್ಪ್ಯಾನರ್_12

ನಿಮ್ಮ ಗಾಡಿಯಲ್ಲಿ ಕಂಪನಿಯೇ ಹಾಕಿದೆ ಸರ್. ಆಯಿಲ್ ಫಿಲ್ಟರ್ ಹೌಸಿಂಗ್‌ಗೆ ಅಂಟಿಕೊಂಡ ಹಾಗೆ ಒಂದು ಚಪ್ಪಟೆ ಡಬ್ಬಿ ಇದೆಯಲ್ಲ, ಅದೇ ಕೂಲರ್. ಒಂದು ಪದರದಲ್ಲಿ ಆಯಿಲ್, ಪಕ್ಕದ ಪದರದಲ್ಲಿ ರೇಡಿಯೇಟರ್ ನೀರು. ಘಾಟಿ ಹತ್ತೋಕೆ ಅಷ್ಟು ಸಾಕು. ನೀವು ನೋಡಬೇಕಾದದ್ದು ಕೂಲಂಟ್ ಡಬ್ಬಿಯಲ್ಲಿ ಕಾಫಿ ಬಣ್ಣದ ಕೆನೆ ಬರ್ತಾ ಇದೆಯಾ ಅಂತ. ಬಂದರೆ ಆ ಪದರ ತೂತಾಗಿರಬಹುದು, ಇಲ್ಲ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು.

ಮಸ್ಕತ್_ಕನ್ನಡಿಗ

ಈ ನೀರಿನ ಕೂಲರ್ ಬಗ್ಗೆ ಮೈಸೂರಿನವರೂ ಯೋಚನೆ ಮಾಡಬಹುದು. ಹೋಂಡಾ ಇಂಟೆಗ್ರಾದ ಬಿ18ಸಿ ಎಂಜಿನ್‌ನಲ್ಲಿ ಫಿಲ್ಟರ್ ಹಿಂದೆ ಇಂಥದ್ದೇ ಒಂದು ಬರುತ್ತದೆ. ಉದ್ದದ ಆಯಿಲ್ ಹೋಸ್ ಬೇಡ, ಸಣ್ಣ ನೀರಿನ ಹೋಸ್ ಎರಡು ಸಾಕು. ಬೆಳಿಗ್ಗೆ ನೀರು ಮೊದಲು ಬಿಸಿಯಾಗಿ ಆಯಿಲನ್ನೂ ಬೇಗ ಬಿಸಿ ಮಾಡುತ್ತದೆ. ನೀರು 90ರಲ್ಲಿ ಇರುವ ತನಕ ಆಯಿಲ್ ಅತಿಯಾಗಿ ತಣ್ಣಗಾಗುವ ಮಾತೇ ಇಲ್ಲ. ಒಂದೇ ತೊಂದರೆ ಅಂದರೆ ಆ ಬಿಸಿಯನ್ನೆಲ್ಲ ಕೊನೆಗೆ ರೇಡಿಯೇಟರೇ ಹೊರಬೇಕು. ಸಿಟಿಯ ಹಳೇ ರೇಡಿಯೇಟರ್ ಅದನ್ನು ತಡೆಯುತ್ತದಾ ನೋಡಿಕೊಳ್ಳಿ.

ಗಾಳಿಯ ಕೂಲರ್ ಆದರೆ ಲೆಕ್ಕ ಸುಲಭ. ಆಯಿಲ್‌ಗೂ ಗಾಳಿಗೂ ಎಷ್ಟು ಡಿಗ್ರಿ ವ್ಯತ್ಯಾಸ ಇದೆಯೋ ಅಷ್ಟು ಬಿಸಿ ಹೋಗುತ್ತದೆ. ನಿಮ್ಮಲ್ಲಿ ಆಯಿಲ್ 120, ಗಾಳಿ 34, ವ್ಯತ್ಯಾಸ 86. ಇಲ್ಲಿ ಬೇಸಿಗೆಯಲ್ಲಿ ಗಾಳಿಯೇ 45. ಅದೇ ಕೂಲರ್ ಇಲ್ಲಿ ಸುಸ್ತು ಹೊಡೆಯುತ್ತದೆ.

ಸುಮ್ನೆ_ಕೇಳಿದೆ

ಪಲ್ಸರ್ ಕೂಲರ್ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ ಅಲ್ವಾ?

ಸ್ಪ್ಯಾನರ್_12

ಕೊಡ್ತೀನಿ. ಅದು 220 ಸಿಸಿಯ ಒಂದು ಸಿಲಿಂಡರ್ ಗಾಡಿಗೆ ಮಾಡಿದ್ದು. ಅದರ ದಾರಿ ಬೆರಳಿಗಿಂತ ಸಣ್ಣದು. ಕಾರಿನ ಆಯಿಲ್ ಪಂಪ್ ಒಂದು ನಿಮಿಷಕ್ಕೆ ತಳ್ಳುವ ಆಯಿಲ್ ಅದರಲ್ಲಿ ತೂರೋಕೆ ಹೋಗಿ ಪ್ರೆಶರ್ ಅಲ್ಲೇ ಸತ್ತುಹೋಗುತ್ತೆ. ತಣ್ಣಗಾಯಿತು ಅಂತ ಖುಷಿಪಡುವಾಗ ವಾಲ್ವ್ ಆಡಿಸುವ ಕ್ಯಾಮ್‌ಗೆ ಆಯಿಲ್ ಕಮ್ಮಿ ಹೋಗ್ತಾ ಇರುತ್ತೆ. ಬೈಕಿನದು ಬೈಕಿಗೇ ಇರಲಿ.

ಕಾರಿಗೆ ಅಂತಲೇ ಬರುವ ಅಲ್ಯೂಮಿನಿಯಂ ಕೂಲರ್ ತಗೊಳ್ಳಿ. ಒಳಗೆ ಆಯಿಲ್ ಹರಿಯುವ ಸಾಲುಗಳ ಲೆಕ್ಕದಲ್ಲಿ 13 ಸಾಲು, 16 ಸಾಲು, 19 ಸಾಲು ಅಂತ ಸಿಗುತ್ತವೆ. ನಿಮ್ಮ 1500 ಸಿಸಿಗೆ 13 ಅಥವಾ 16 ಸಾಕು. ಎಲ್ಲರೂ 19 ತಗೋ ಅಂತಾರೆ, ದೊಡ್ಡದು ಒಳ್ಳೇದು ಅನ್ನೋ ಚಟ. ಹೋಸ್ ಎಎನ್-10 ಅಳತೆ ಇರಲಿ. 10 ಅಂದರೆ ಒಂದು ಇಂಚಿನ ಹದಿನಾರನೇ ಭಾಗದ ಹತ್ತು, ಅಂದರೆ ಐದೆಂಟಾಂಶ ಇಂಚಿನ ಪೈಪ್ ಲೆಕ್ಕ.

ಫಿಲ್ಟರ್ ಮತ್ತು ಬ್ಲಾಕ್ ಮಧ್ಯೆ ಕೂರುವ ಸ್ಯಾಂಡ್‌ವಿಚ್ ಪ್ಲೇಟ್ ತಗೊಳ್ಳುವಾಗ ಒಳಗೆ ಥರ್ಮೋಸ್ಟಾಟ್ ಇರೋದನ್ನೇ ತಗೊಳ್ಳಿ. ಸುಮಾರು 80 ಡಿಗ್ರಿಗೆ ತೆರೆಯುತ್ತೆ. ಅದಕ್ಕೂ ಮುಂಚೆ ಸ್ವಲ್ಪವೇ ಆಯಿಲ್ ಕೂಲರ್‌ಗೆ ಹೋಗ್ತಾ ಇರುತ್ತೆ, ಉಳಿದದ್ದು ನೇರ ಎಂಜಿನ್‌ಗೆ. ಥರ್ಮೋಸ್ಟಾಟ್ ಇಲ್ಲದ ಅಗ್ಗದ ಪ್ಲೇಟ್ ಹಾಕಿದರೆ ಡಿಸೆಂಬರ್ ಬೆಳಿಗ್ಗೆ ಮೈಸೂರಲ್ಲಿ ಆಯಿಲ್ 65 ದಾಟಲ್ಲ. ಆಯಿಲ್‌ನಲ್ಲಿ ಸೇರಿದ ನೀರು, ಪೆಟ್ರೋಲ್ ಆವಿಯಾಗಿ ಹೋಗಬೇಕಾದರೆ ಬಿಸಿ ಬೇಕೇ ಬೇಕು. ಆಮೇಲೆ ಫಿಲ್ಲರ್ ಮುಚ್ಚಳ ತೆಗೆದರೆ ಒಳಗೆ ಮಜ್ಜಿಗೆ ಕಡೆದ ಹಾಗೆ ಬಿಳಿ ಕೆನೆ.

ವಿಟೆಕ್_ಮೈಸೂರು

ತುಂಬಾ ಥ್ಯಾಂಕ್ಸ್ ಅಣ್ಣ. ಪ್ಲೇಟ್‌ನ ಥ್ರೆಡ್ ಬಗ್ಗೆ ಗೊಂದಲ ಇದೆ. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಎರಡು ಥರ ತೋರಿಸಿದರು. ನೋಡೋಕೆ ಎರಡೂ ಒಂದೇ.

ಬೆಳಗಾವಿ_ಫೌಂಡ್ರಿ

ಅದೇ ಅಪಾಯ ನೋಡ್ರಿ. ಒಂದು ಎಂ20 1.5, ಅಂದರೆ 20 ಮಿ.ಮೀ. ದಪ್ಪ, ಸುತ್ತಿಗೆ 1.5 ಮಿ.ಮೀ. ಇನ್ನೊಂದು ಮುಕ್ಕಾಲು ಇಂಚು, ಇಂಚಿಗೆ 16 ಸುತ್ತು. ಮುಕ್ಕಾಲು ಇಂಚು ಅಂದರೆ 19.05 ಮಿ.ಮೀ. ಒಂದಕ್ಕೊಂದು ಮಿಲಿಮೀಟರ್ ಅಷ್ಟೇ ವ್ಯತ್ಯಾಸ. ಒಂದೆರಡು ಸುತ್ತು ಹಿಡಿದ ಹಾಗೇ ಅನ್ನಿಸುತ್ತೆ, ಆಮೇಲೆ ಥ್ರೆಡ್ ಕಿತ್ತು ಬರುತ್ತೆ. ಹೋಂಡಾಗೆ ಬೇಕಾದದ್ದು ಎಂ20 1.5. ಥ್ರೆಡ್ ಗೇಜ್ ಇಟ್ಟು ನೋಡದೆ ದುಡ್ಡು ಕೊಡಬೇಡ್ರಿ.

ಇನ್ನೊಂದು ಹೋಂಡಾ ಗುಟ್ಟು. ಬ್ಲಾಕ್‌ನಲ್ಲಿ ಆಯಿಲ್ ಪ್ರೆಶರ್ ಸ್ವಿಚ್ ಇರುವ ತೂತು ಬ್ರಿಟಿಷ್ ಅಳತೆ, ಎಂಟನೇ ಒಂದಂಶ ಬಿಎಸ್‌ಪಿಟಿ, ಇಂಚಿಗೆ 28 ಸುತ್ತು. ಪೇಟೆಯಲ್ಲಿ ಸಿಗುವ ಮೀಟರ್ ಸೆನ್ಸರ್‌ಗಳು ಹೆಚ್ಚಾಗಿ ಅಮೆರಿಕದ ಅಳತೆಯ ಎನ್‌ಪಿಟಿ, ಇಂಚಿಗೆ 27. ಬಲವಂತವಾಗಿ ತಿರುಗಿಸಿ ಬ್ಲಾಕ್ ಬಿರುಕು ಬಿಟ್ಟ ಎಂಜಿನ್ ನಮ್ಮ ಶೆಡ್ಡಿಗೆ ಬಂದಿದೆ. ಅಲ್ಯೂಮಿನಿಯಂ ಬ್ಲಾಕ್ ರೀ, ಸುಮ್ಮನೆ ಬಿಡಲ್ಲ.

ಸಕಲೇಶಪುರ_ಜಿಪ್ಸಿ

ಎಲ್ಲರೂ ಕೂಲರ್ ಬಗ್ಗೆ ಹೇಳಿದಿರಿ. ನಾನು ಹೋಸ್ ಬಗ್ಗೆ ಹೇಳುತ್ತೇನೆ. ಕೂಲರ್ ಯಾವತ್ತೂ ನನಗೆ ತೊಂದರೆ ಕೊಟ್ಟಿಲ್ಲ. ಹೋಸ್ ನನ್ನ ಎಂಜಿನ್ ತಿಂದುಹಾಕಿತು.

ನಾಲ್ಕು ವರ್ಷದ ಹಿಂದೆ ಜಿಪ್ಸಿಗೆ ಕೂಲರ್ ಹಾಕಿಸಿದೆ. ಒಂದು ಗ್ಯಾರೇಜಿನವರು ಹೆಣೆದ ಸ್ಟೀಲ್ ಹೊದಿಕೆಯ ಹೋಸ್ ಎಳೆದು, ಝಿಪ್ ಟೈ ಬಿಗಿದು ಕಳಿಸಿದರು. ನೋಡೋಕೆ ರೇಸ್ ಗಾಡಿ. ಆ ಸ್ಟೀಲ್ ಹೊದಿಕೆ ಅರದ ಹಾಗೆ, ತಾಗಿದ್ದನ್ನೆಲ್ಲ ಉಜ್ಜುತ್ತದೆ, ತಾನೂ ಸವೆಯುತ್ತದೆ. ಒಂದು ಕಡೆ ಅದು ಚಾಸಿಯ ಬ್ರ್ಯಾಕೆಟ್ ಅಂಚಿಗೆ ತಾಗುತ್ತಿತ್ತು. ನನಗೆ ಗೊತ್ತೇ ಇರಲಿಲ್ಲ. ಎಂಟು ತಿಂಗಳು ಸುಮ್ಮನೆ ಇತ್ತು.

ಶಿರಾಡಿ ಘಾಟಿಯಲ್ಲಿ ಗುಂಡ್ಯದಿಂದ ಮೇಲೆ ಹತ್ತುತ್ತಿದ್ದೆ. ಮಳೆ, ಮುಂದೆ ಟ್ಯಾಂಕರ್ ಸಾಲು. ಮೊದಲು ಸುಟ್ಟ ಆಯಿಲ್ ವಾಸನೆ ಬಂತು. ಟ್ಯಾಂಕರ್‌ದು ಅಂದುಕೊಂಡೆ. ಆಮೇಲೆ ಕೆಂಪು ದೀಪ. ನಿಲ್ಲಿಸಲು ಜಾಗ ಇಲ್ಲ, ಹಿಂದೆ ಬಸ್ಸಿನವ ಹಾರ್ನ್ ಹೊಡೆಯುತ್ತಿದ್ದ. ಮುಂದಿನ ತಿರುವಿನಲ್ಲಿ ನಿಲ್ಲಿಸೋಣ ಅಂತ ಹೋದೆ. ಬಹಳ ಅಂದರೆ ಅರ್ಧ ಕಿಲೋಮೀಟರ್. ಅಷ್ಟರಲ್ಲಿ ಎಂಜಿನ್ ಗಟಗಟ ಅಂದು ಹಿಡಿದುಕೊಂಡಿತು. ಪಂಪ್ ತನ್ನ ಕೆಲಸ ಮಾಡಿತ್ತು, ಇದ್ದ ಆಯಿಲನ್ನೆಲ್ಲ ರಸ್ತೆಗೆ ಸುರಿದಿತ್ತು. ಹಿಂದೆ ಬರುತ್ತಿದ್ದ ಬೈಕಿನವನೊಬ್ಬ ಅದರ ಮೇಲೆ ಜಾರಿ ಬಿದ್ದ. ದೇವರು ದೊಡ್ಡವನು, ಅವನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಎಂಜಿನ್ ಕಟ್ಟಿಸಿದ ದುಡ್ಡು ಮರೆತಿದ್ದೇನೆ, ಅವನು ಬಿದ್ದದ್ದು ಮರೆತಿಲ್ಲ.

ಅದಕ್ಕೇ ಹೇಳೋದು. ಹೋಸ್‌ಗೆ ಝಿಪ್ ಟೈ ಬೇಡ, ಒಳಗೆ ರಬ್ಬರ್ ಇರುವ ಪಿ-ಕ್ಲಿಪ್ ಹಾಕಿ, ಬೋಲ್ಟ್ ಹೊಡೆಯಿರಿ. ಸ್ಟೀಲ್ ಹೊದಿಕೆ ಬದಲು ನೈಲಾನ್ ಹೊದಿಕೆ ತಗೊಳ್ಳಿ. ಎಂಜಿನ್ ಅಲುಗಾಡುತ್ತದೆ, ಕೂಲರ್ ಬಾಡಿಗೆ ಕೂತಿರುತ್ತದೆ. ಮಧ್ಯದ ಹೋಸ್‌ನಲ್ಲಿ ಸ್ವಲ್ಪ ಸಡಿಲ ಇರಲೇಬೇಕು. ಹಾಕಿಸಿದ ಮೇಲೆ ಹೋಸ್ ಉದ್ದಕ್ಕೂ ಸೀಮೆಸುಣ್ಣ ಗಟ್ಟಿಯಾಗಿ ಬಳಿಯಿರಿ. 50 ಕಿ.ಮೀ. ಓಡಿಸಿ. ಎಲ್ಲಿ ಸುಣ್ಣ ಅಳಿಸಿದೆಯೋ ಅಲ್ಲಿ ತಾಗುತ್ತಿದೆ.

ವಿಟೆಕ್_ಮೈಸೂರು

ಓದಿ ಕೈ ತಣ್ಣಗಾಯಿತು. ಹೋಸನ್ನು ಪೀಣ್ಯದಲ್ಲಿ ಮಾಡಿಸೋಣ ಅಂತಿದ್ದೆ. ಜೆಸಿಬಿಗೆ ಹಾಕುವ ಹೈಡ್ರಾಲಿಕ್ ಹೋಸ್, ಕ್ರಿಂಪ್ ಮಾಡಿಕೊಡುತ್ತಾರೆ. ಅದು ನೂರಾರು ಬಾರ್ ತಡೆಯುತ್ತದೆ. ಇದಕ್ಕಿಂತ ಗಟ್ಟಿ ಇನ್ನೇನು ಬೇಕು?

ಬೆಳಗಾವಿ_ಫೌಂಡ್ರಿ

ಒತ್ತಡ ತಡೆಯುತ್ತೆ ರೀ, ಬಿಸಿ ತಡೆಯಲ್ಲ. ಸಾಮಾನ್ಯ 100ಆರ್1 ದರ್ಜೆಯ ಹೈಡ್ರಾಲಿಕ್ ಹೋಸ್‌ಗೆ ಮಿತಿ 100 ಡಿಗ್ರಿ. ಹೋಸ್ ಮೇಲೆಯೇ ಅಚ್ಚು ಹಾಕಿರುತ್ತಾರೆ, ಓದಿ ನೋಡ್ರಿ. ನಿಮ್ಮ ಆಯಿಲ್ 138. ಆರು ತಿಂಗಳಲ್ಲಿ ಒಳಗಿನ ರಬ್ಬರ್ ಹಪ್ಪಳ ಆಗುತ್ತೆ. ಕ್ರಿಂಪ್ ಕೆಲಸ ಪೀಣ್ಯದಲ್ಲೇ ಮಾಡಿಸ್ರಿ, ಅವರ ಕೈ ಚೆನ್ನಾಗಿದೆ. ಆದರೆ ಹೋಸ್ 150ಕ್ಕಾದರೂ ತಾಳುವಂಥದ್ದು ಇರಲಿ, ಇಲ್ಲಾ ಒಳಗೆ ಟೆಫ್ಲಾನ್ ಇರುವಂಥದ್ದು. ಪ್ಲೇಟ್‌ನ ಓ-ರಿಂಗ್ ಕೂಡ ಮಾಮೂಲಿ ನೈಟ್ರೈಲ್ ಬೇಡ, ಬಿಸಿ ತಾಳುವ ವಿಟಾನ್ ರಬ್ಬರಿನದು ಕೇಳಿ ಹಾಕಿಸ್ರಿ.

ಸುಮ್ನೆ_ಕೇಳಿದೆ

ಶಿವಾಜಿನಗರದ ಗುಜರಿಯಲ್ಲಿ ಹಳೇ ಕೂಲರ್ ಅಗ್ಗಕ್ಕೆ ಸಿಗುತ್ತೆ. ಚೆನ್ನಾಗಿ ತೊಳೆದು ಹಾಕಿದರೆ?

ಸ್ಪ್ಯಾನರ್_12

ಹಳೇದನ್ನು ಯಾಕೆ ಬಿಚ್ಚಿದರು ಅಂತ ನಿಮಗೆ ಗೊತ್ತಾ? ಆ ಎಂಜಿನ್‌ನ ಬೇರಿಂಗ್ ಹೋಗಿದ್ದರೆ ಕೂಲರ್ ತುಂಬಾ ಲೋಹದ ಪುಡಿ. ಒಳಗಿನ ದಾರಿ ಕೂದಲೆಳೆಯಷ್ಟು ಸಣ್ಣ, ಮಧ್ಯೆ ಮಡಿಕೆ ಮಡಿಕೆ. ಡೀಸೆಲ್ ಸುರಿದು ಕುಲುಕಿದರೆ ಅರ್ಧ ಪುಡಿ ಬರುತ್ತೆ. ಉಳಿದರ್ಧ ನಿಮ್ಮ ಎಂಜಿನ್‌ಗೆ. ಬೇರಿಂಗ್ ಹೋದ ಗಾಡಿಯ ಕೂಲರ್ ಗುಜರಿಗೇ.

ಮೈಸೂರಿನವರೇ, ಜೋಡಿಸುವ ದಿನಕ್ಕೆ ನಾಲ್ಕು ಮಾತು. ಹಳೇ ಫಿಲ್ಟರ್ ಬಿಚ್ಚಿದಾಗ ಅದರ ರಬ್ಬರ್ ರಿಂಗ್ ಬ್ಲಾಕ್‌ಗೇ ಅಂಟಿಕೊಂಡಿದೆಯಾ ನೋಡಿ. ಎರಡು ರಿಂಗ್ ಮೇಲೆ ಪ್ಲೇಟ್ ಕೂತರೆ ಮೊದಲ ಸ್ಟಾರ್ಟ್‌ಗೇ ಗ್ಯಾರೇಜ್ ನೆಲ ತೊಳೆಯಬೇಕು. ನಿಮ್ಮ ಎಂಜಿನ್‌ನಲ್ಲಿ ಫಿಲ್ಟರ್ ಹಿಂದುಗಡೆ, ಫೈರ್‌ವಾಲ್ ಕಡೆ ಇದೆ. ಪ್ಲೇಟ್ ಹಾಕಿದ ಮೇಲೆ ಅದು ಒಂದಿಂಚು ಹೊರಗೆ ಬರುತ್ತೆ, ಡ್ರೈವ್ ಶಾಫ್ಟ್‌ಗೆ ದೂರ ಇದೆಯಾ ಅಂತ ಚಕ್ರ ತಿರುಗಿಸಿ ನೋಡಿ. ಕೂಲರ್‌ನ ಬಾಯಿ ಮೇಲಕ್ಕಿರಲಿ ಅಥವಾ ಪಕ್ಕಕ್ಕಿರಲಿ. ಬಾಯಿ ಕೆಳಗಾದರೆ ಮೇಲೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತೆ. ಕೊನೆಗೆ ಸ್ಪಾರ್ಕ್ ಮತ್ತು ಇಂಜೆಕ್ಟರ್ ಕನೆಕ್ಷನ್ ತೆಗೆದು, ಕೆಂಪು ದೀಪ ಆರುವ ತನಕ ಬರೀ ಸ್ಟಾರ್ಟರ್ ತಿರುಗಿಸಿ. ಒಂದೇ ಸಲ ನಿಮಿಷಗಟ್ಟಲೆ ಬೇಡ, ಹತ್ತತ್ತು ಸೆಕೆಂಡ್. ಆಮೇಲೆ ಸ್ಟಾರ್ಟ್. ಥರ್ಮೋಸ್ಟಾಟ್ ತೆರೆದ ಮೇಲೆ ನಿಲ್ಲಿಸಿ ಮತ್ತೆ ಲೆವೆಲ್ ನೋಡಿ, ಅರ್ಧ ಲೀಟರ್ ಮೇಲೆ ಕುಡಿಯುತ್ತೆ.

ಮಸ್ಕತ್_ಕನ್ನಡಿಗ

ಗಾಳಿಯ ದಾರಿ ಮರೆಯಬೇಡಿ. ಗಾಳಿ ಸೋಮಾರಿ, ಪಕ್ಕದಲ್ಲಿ ಸಂದು ಇದ್ದರೆ ಅಲ್ಲೇ ನುಗ್ಗುತ್ತದೆ, ಕೂಲರ್ ಒಳಗೆ ಹೋಗಲ್ಲ. ಸುತ್ತ ತಗಡು ಇಲ್ಲ ಫೋಮ್ ಇಟ್ಟು ಮುಚ್ಚಿ. ಹಿಂದಿನಿಂದ ಹೊರಗೆ ಹೋಗಲೂ ದಾರಿ ಬೇಕು.

ವಿಟೆಕ್_ಮೈಸೂರು

ಎರಡು ತಿಂಗಳ ನಂತರ ಬಂದಿದ್ದೇನೆ, ಕ್ಷಮಿಸಿ. ಕೆಲಸ ಮುಗಿಯಿತು.

ಹಾಕಿಸಿದ್ದು 16 ಸಾಲಿನ ಕೂಲರ್, ಥರ್ಮೋಸ್ಟಾಟ್ ಪ್ಲೇಟ್, ಟೆಫ್ಲಾನ್ ಹೋಸ್, ನೈಲಾನ್ ಹೊದಿಕೆ. ಬಂಪರಿನ ಕೆಳಗಿನ ಬಾಯಿಯ ಹಿಂದೆ ರಬ್ಬರ್ ಬುಷ್ ಮೇಲೆ ಕೂರಿಸಿದೆವು. ಮುಂದೆ ಕಲ್ಲು ತಡೆಯೋಕೆ ಜಾಲರಿ. ಸುತ್ತಲಿನ ಡಕ್ಟನ್ನು ಅಲ್ಯೂಮಿನಿಯಂ ತಗಡಿನಲ್ಲಿ ನಾನೇ ಮಾಡಿದೆ. ಎರಡು ಸಲ ತಪ್ಪು ಕತ್ತರಿಸಿ ಮೂರನೇ ಸಲಕ್ಕೆ ಸರಿಯಾಯಿತು. ಅಮ್ಮ "ಅಡುಗೆಮನೆ ಡಬ್ಬದ ಮುಚ್ಚಳ ಮಾಡ್ತಿದ್ದೀಯಾ?" ಅಂತ ಕೇಳಿದರು. ಒಟ್ಟು ಖರ್ಚು 31 ಸಾವಿರ ಚಿಲ್ಲರೆ. ಅದರಲ್ಲಿ ಕೂಲರ್‌ಗಿಂತ ಹೋಸ್ ಮತ್ತು ಫಿಟ್ಟಿಂಗ್‌ಗೇ ಜಾಸ್ತಿ ಹೋಯಿತು. ಆಯಿಲ್ ಕೂಡ 40ರದ್ದು ಹಾಕಿಸಿದೆ.

ಕಳೆದ ವಾರ ಮತ್ತೆ ಇರುಂಗಾಟುಕೋಟೈ. ಹೊರಗೆ 33. ಮೂರನೇ ಸುತ್ತಿಗೆ 106. ಸೆಷನ್ ಕೊನೆಗೆ 114, ಅಲ್ಲೇ ನಿಂತಿತು. 4000ದಲ್ಲಿ ಪ್ರೆಶರ್ 54. ಕೂಲರ್‌ನಿಂದ ಎಷ್ಟು, ಆಯಿಲ್‌ನಿಂದ ಎಷ್ಟು ಅಂತ ಬೇರೆ ಮಾಡಿ ಹೇಳೋಕೆ ಆಗಲ್ಲ, ಎರಡನ್ನೂ ಒಟ್ಟಿಗೆ ಬದಲಾಯಿಸಿದ್ದು ನನ್ನ ತಪ್ಪು. ಆ ಉದ್ದದ ತಿರುವಿನಲ್ಲಿ ದೀಪ ಈ ಸಲವೂ ಒಮ್ಮೆ ಮಿಣುಕಿತು. ಸ್ಪ್ಯಾನರ್ ಅಣ್ಣ ಹೇಳಿದ್ದೇ ಸರಿ. ಮುಂದಿನ ಕೆಲಸ ಸಂಪ್.

ಬೆಂಗಳೂರು ಹೈವೇಯಲ್ಲಿ ಈಗ 92ರಿಂದ 95.

ಸಕಲೇಶಪುರ_ಜಿಪ್ಸಿ

ಖುಷಿಯಾಯಿತು. ಸೀಮೆಸುಣ್ಣ ಬಳಿದಿರಾ?

ವಿಟೆಕ್_ಮೈಸೂರು

ನಿಜ ಹೇಳಲಾ ಸರ್? ಟ್ರ್ಯಾಕ್‌ಗೆ ಹೋಗುವ ಮುಂಚೆ ಬಳಿದಿರಲಿಲ್ಲ. ನೀವು ಕೇಳಿದ್ದು ನೋಡಿ ಇವತ್ತು ಬೆಳಿಗ್ಗೆ ಬಳಿದು ಶ್ರೀರಂಗಪಟ್ಟಣ ದಾಟಿ ಪಾಂಡವಪುರದ ತನಕ ಹೋಗಿ ಬಂದೆ. ಎರಡು ಕಡೆ ಅಳಿಸಿದೆ. ಒಂದು ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಫೆಂಡರ್ ಒಳಗಿನ ಪ್ಲಾಸ್ಟಿಕ್‌ಗೆ ತಾಗುತ್ತಿದೆ. ಅದು ಪರವಾಗಿಲ್ಲ. ಇನ್ನೊಂದು ಡ್ರೈವ್ ಶಾಫ್ಟ್ ಪಕ್ಕದ ಬ್ರ್ಯಾಕೆಟ್ ಅಂಚು. ನೈಲಾನ್ ಹೊದಿಕೆ ಅಲ್ಲಿ ಆಗಲೇ ನುಣುಪಾಗಿದೆ. ಗಾಡಿ ಜಾಕ್ ಮೇಲಿದೆ, ಪಿ-ಕ್ಲಿಪ್ ತರೋಕೆ ಹೊರಟಿದ್ದೇನೆ.